ಹಿರಿನಾಲಿಗೆಯವರ ಸಿಗಾರು

ಸಿಗಾರನ್ನು ಸಂಜೆ ಐದರ ಮೇಲೆ ಕೊಂಡಿದ್ದರೆ ಇಷ್ಟೆಲ್ಲ ರಂಪ ಆಗುತ್ತಲೇ ಇರಲಿಲ್ಲ. ಆದರೆ ಹಿರಿನಾಲಿಗೆಯವರು ಬೆಳಿಗ್ಗೆಯೇ ಕೊಂಡರು. ಬೇಯುವ ತನಕ ಕಾದವನು ಆರುವ ತನಕ ಕಾಯಲಿಲ್ಲ ಎನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಹಿರಿನಾಲಿಗೆ ಎಂಬುದು ಅವರ ಹೆಸರಲ್ಲ, ಕಂಪನಿಯಲ್ಲಿ ಅವರಿಗೆ ಸಂದ ಪಟ್ಟ. ಚಹಾ ಕಂಪನಿಯ ರುಚಿ ನೋಡುವ ಕೋಣೆಯಲ್ಲಿ ಅವರದು ಮೂವತ್ತೊಂದು ವರ್ಷದ ಕೆಲಸ. ದಿನಕ್ಕೆ ಇನ್ನೂರು ಬಟ್ಟಲು ಚಹಾ ಬಾಯಿಗೆ ಹಾಕಿಕೊಳ್ಳುವುದು, ನಾಲಿಗೆಯ ಮೇಲೆ ಹೊರಳಿಸುವುದು, ಉಗುಳುವುದು, ಇದು ಒಳ್ಳೆಯದು, ಇದು ಬೇಡ ಎಂದು ಪುಸ್ತಕದಲ್ಲಿ ಬರೆಯುವುದು. ಮೂವತ್ತೊಂದು ವರ್ಷ ಚಹಾ ಕಂಪನಿಯ ಅನ್ನ ತಿಂದೂ ಒಂದು ಗುಟುಕು ಚಹಾ ನುಂಗದ ಮನುಷ್ಯ ಅವರೊಬ್ಬರೇ ಇರಬೇಕು.

ನಾಲಿಗೆ ಇದ್ದದ್ದು ಅವರ ಬಾಯಲ್ಲೇ ಆದರೂ ಅದರ ಯಜಮಾನಿಕೆ ಕಂಪನಿಯದು. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಖಾರ ಬೇಡ, ಘಮಘಮ ಸೋಪು ಬೇಡ, ತಲೆಗೆ ಎಣ್ಣೆ ಬೇಡ. ಹೊಗೆಸೊಪ್ಪಂತೂ ಕನಸಿನಲ್ಲೂ ಬೇಡ. ಅವರ ಹೆಂಡತಿ ಮೂವತ್ತೊಂದು ವರ್ಷದಿಂದ ಜ್ವರ ಬಂದವರಿಗೆ ಮಾಡುವ ಅಡುಗೆಯನ್ನೇ ಮಾಡಿಕೊಂಡು ಬಂದಿದ್ದರು. ಮನೆಗೆ ಬಂದ ನೆಂಟರಿಗೆ ಎರಡನೆಯ ದಿನವೇ ತಮ್ಮ ಊರಿನಲ್ಲಿ ಏನೋ ತುರ್ತು ಕೆಲಸ ನೆನಪಾಗುತ್ತಿತ್ತು.

ಆ ದಿನ ಸಂಜೆ ಐದಕ್ಕೆ ಹಿರಿನಾಲಿಗೆಯವರಿಗೆ ನಿವೃತ್ತಿ. ಐದು ಹೊಡೆದ ಮೇಲೆ ನಾಲಿಗೆ ಅವರದೇ.

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಸರಿಯಾಗಿ ಐದಕ್ಕೆ ಬಾಣಲೆಗೆ ಬೆಳ್ಳುಳ್ಳಿ ಹಾಕ್ತೀನಿ. ಬೇರೆಲ್ಲೂ ನಿಲ್ಲದೆ ಬಂದ್ಬಿಡಿ," ಎಂದರು. ಆ ದನಿಯಲ್ಲಿ ಜೈಲಿನಿಂದ ಬಿಡುಗಡೆಯಾಗುವವರ ಸಂತೋಷವಿತ್ತು.

ಹಿರಿನಾಲಿಗೆಯವರ ಆಸೆ ಬೆಳ್ಳುಳ್ಳಿಯದಲ್ಲ. ಆಫೀಸಿಗೆ ಹೋಗುವ ದಾರಿಯ ಮೂಲೆಯಲ್ಲಿ ಒಂದು ಸಿಗಾರಿನ ಅಂಗಡಿ ಇತ್ತು. ಮೂಗು ಕೆಡಬಾರದೆಂದು ಅವರು ದಿನಾ ಅಂಗಡಿಗೆ ಹತ್ತು ಹೆಜ್ಜೆ ಮೊದಲೇ ರಸ್ತೆ ದಾಟಿ ಆಚೆ ಬದಿಗೆ ಹೋಗಿ, ಅಂಗಡಿ ಕಳೆದ ಮೇಲೆ ಮತ್ತೆ ಈಚೆ ಬರುತ್ತಿದ್ದರು. ಆದರೆ ಗಾಳಿಗೆ ರಸ್ತೆ ದಾಟಬೇಡ ಎಂದು ಹೇಳುವವರು ಯಾರು? ಅದು ಒಮ್ಮೊಮ್ಮೆ ಬಂದು ಅವರ ಮೂಗಿನ ಕೆಳಗೆ ಕೂತು ಹೋಗುತ್ತಿತ್ತು. ಹೀಗೆ ಮೂವತ್ತೊಂದು ವರ್ಷ. ಆ ದಿನ ಅವರು ರಸ್ತೆ ದಾಟಲಿಲ್ಲ.

"ಬನ್ನಿ, ಬನ್ನಿ!" ಎಂದ ಅಂಗಡಿಯವನು. "ಇಷ್ಟು ವರ್ಷದಿಂದ ನೋಡ್ತಿದ್ದೀನಿ, ನನ್ನ ಅಂಗಡಿ ಕಂಡ ಕೂಡ್ಲೆ ರಸ್ತೆ ದಾಟಿಬಿಡ್ತೀರಿ. ನಾನೇನು ಕಚ್ತೀನಾ?"

"ಒಂದು ಸಿಗಾರು ಬೇಕಿತ್ತು. ಒಳ್ಳೇದು. ಆದ್ರೆ ನನ್ನಂಥೋರ ಕೈಗೆ ಎಟುಕೋ ಅಂಥದ್ದು."

ಅಂಗಡಿಯವನು ಹಿಂದಿನ ಮರದ ಪೆಟ್ಟಿಗೆಯಿಂದ ಒಂದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದ. "ನೋಡಿ, ಇದಕ್ಕೆ ಚಿನ್ನದ ಪಟ್ಟಿ ಇಲ್ಲ, ಗಾಜಿನ ಕೊಳವೆ ಇಲ್ಲ, ಮೇಲೆ ರಾಜನ ಚಿತ್ರ ಇಲ್ಲ. ಅದಕ್ಕೇ ಬೆಲೆ ಕಮ್ಮಿ. ಎಲೆ ಮಾತ್ರ ದೊಡ್ಡೋರು ಸೇದೋದೇ. ಪುಡಿ ತುಂಬಿಲ್ಲ, ಒಳಗೆ ಉದ್ದುದ್ದ ಇಡೀ ಎಲೆ. ಕೈಯಲ್ಲಿ ಸುತ್ತಿದ್ದು. ಒತ್ತಿ ನೋಡಿ."

ಒತ್ತಿದರು. ಮಗುವಿನ ಅಂಗಾಲಿನ ಹಾಗೆ ಮೆಲ್ಲಗೆ ತಗ್ಗಿ ಮತ್ತೆ ಎದ್ದಿತು.

"ಸೇದೋವಾಗ ಅವಸರ ಮಾಡ್ಬಾರ್ದು," ಎಂದ ಅಂಗಡಿಯವನು. "ನಿಮಿಷಕ್ಕೊಂದು ದಮ್ಮು. ಹೊಗೆ ಒಳಗೆ ಎಳೀಬಾರ್ದು. ಬಾಯಲ್ಲಿ ಇಟ್ಕೊಂಡು, ನಾಲಿಗೆ ಮೇಲೆ ಹೊರಳಿಸಿ, ರುಚಿ ನೋಡಿ ಬಿಟ್ಟುಬಿಡ್ಬೇಕು."

"ಅಷ್ಟೇನಾ! ಅದು ನನ್ನ ಕಸುಬೇ ಕಣಯ್ಯಾ."

"ಇನ್ನೊಂದು ಮಾತು. ಸುತ್ತಿದ ಕೈ ಒಳ್ಳೇದಾದ್ರೆ ಬೂದಿ ಉದುರಲ್ಲ. ಒಂದು ಬೆರಳುದ್ದ ಬೆಳ್ಳಗೆ ನಿಲ್ಲುತ್ತೆ. ನಿಲ್ಲದಿದ್ರೆ ತಂದು ನನ್ನ ಮುಖಕ್ಕೆ ಎಸೀರಿ."

ಹಿರಿನಾಲಿಗೆಯವರು ಸಂಜೆ ಬಂದು ಕೊಳ್ಳುತ್ತೇನೆ, ಎತ್ತಿಡು ಎಂದರು. ಅಂಗಡಿಯವನು ತಲೆಯಾಡಿಸಿದ. "ಇದೇ ಕೊನೇದು. ಸಂಜೆಗೆ ಇರುತ್ತೆ ಅಂತ ನಾನು ಹೇಳಲಾರೆ." ಇದೇ ಕೊನೆಯದು ಎಂಬುದು ಅಂಗಡಿಯವರು ಬಾಗಿಲು ತೆಗೆದ ಕೂಡಲೇ ಹೇಳಲು ಶುರುಮಾಡುವ ಮಾತು. ಅಂಗಡಿ ಕಂಡರೆ ರಸ್ತೆ ದಾಟುವವರಿಗೆ ಅದು ಹೇಗೆ ಗೊತ್ತಾಗಬೇಕು? ಸಿಗಾರು ತೆಳು ಕಾಗದದಲ್ಲಿ ಸುತ್ತಿಸಿಕೊಂಡು ಅವರ ಕೋಟಿನ ಒಳಜೇಬು ಸೇರಿತು.

ರುಚಿ ನೋಡುವ ಕೋಣೆಯ ಬಾಗಿಲಲ್ಲಿ ಕೆಟಲ್ ಅಕ್ಕ ನಿಂತಿದ್ದಳು. ನೀರು ಕಾಯಿಸುವುದು ಅವಳ ಅರ್ಧ ಕೆಲಸ. ಒಳಗೆ ಹೋಗುವವರನ್ನೆಲ್ಲ ಮೂಸಿ ನೋಡಿ ಬಿಡುವುದು ಇನ್ನರ್ಧ. ಪಕ್ಕದ ಬೀದಿಯಲ್ಲಿ ಯಾರಾದರೂ ನಿಂಬೆಹಣ್ಣು ಹೆಚ್ಚಿದರೆ ಇಲ್ಲಿ ಅವಳಿಗೆ ಸೀನು ಬರುತ್ತಿತ್ತು.

"ನಿಲ್ಲಿ ಅಣ್ಣಾ," ಎಂದಳು. ಮೂಗು ಮೊಲದ ಮೂಗಿನ ಹಾಗೆ ಅದುರಿತು. "ಏನೋ ಇದೆ."

"ಏನಿದೆ? ಏನೂ ಇಲ್ಲ. ಹಳೇ ಕೋಟು. ಇವತ್ತು ಬೀಳ್ಕೊಡುಗೆ ಅಲ್ವಾ, ಮದುವೆ ಕೋಟು ಪೆಟ್ಟಿಗೆಯಿಂದ ತೆಗೆದೆ."

"ಮರದ ಪೆಟ್ಟಿಗೆಯಾ?"

"ಮರದ್ದೇ."

"ಹಾಗಾದ್ರೆ ಅದೇ ಇರ್ಬೇಕು. ಕೋಟು ಇಲ್ಲೇ ಬಿಚ್ಚಿ ಮೊಳೆಗೆ ಹಾಕಿ ಹೋಗಿ. ಕೊನೇ ದಿನ ಅಂತ ಕಾನೂನು ಬಿಡೋಕಾಗುತ್ತಾ?"

ಹಿರಿನಾಲಿಗೆಯವರು ಗೋಡೆಗೆ ತಿರುಗಿ ಕೋಟು ಬಿಚ್ಚುವ ನೆಪದಲ್ಲಿ ಸಿಗಾರನ್ನು ಅಂಗಿಯ ಎಡತೋಳಿನೊಳಗೆ ಜಾರಿಸಿದರು. ಅದು ಮೊಣಕೈಯ ಹತ್ತಿರ ಹೋಗಿ ಮಲಗಿತು. ಮುರಿದುಹೋದೀತೆಂಬ ಭಯಕ್ಕೆ ಕೈ ಮಡಚುವಂತಿಲ್ಲ. ಊರುಗೋಲು ನುಂಗಿದವರ ಹಾಗೆ ಒಂದು ಕೈ ನೆಟ್ಟಗೆ ಬಿಟ್ಟುಕೊಂಡು ಒಳಗೆ ಹೋದರು.

ಒಳಗೆ ಉದ್ದನೆಯ ಮೇಜಿನ ಮೇಲೆ ಇಪ್ಪತ್ತು ಬಿಳಿ ಬಟ್ಟಲು ಸಾಲಾಗಿ ಕೂತಿದ್ದವು. ಪ್ರತಿ ಬಟ್ಟಲಿನ ಹಿಂದೆ ಅದರ ಚಹಾ ತುಂಬಿದ ತಗಡಿನ ಡಬ್ಬಿ, ಮೇಲೆ ನಂಬರು. ಪಕ್ಕದಲ್ಲಿ ಗಾಲಿಯ ಮೇಲೆ ಉರುಳುವ ಹಿತ್ತಾಳೆಯ ಪೀಕದಾನಿ. ಮೇಜಿನ ಆ ತುದಿಯಲ್ಲಿ ಕಿರಿನಾಲಿಗೆ ನಿಂತಿದ್ದ. ಇಪ್ಪತ್ತಾರು ವರ್ಷದ ಹುಡುಗ, ಹಿರಿನಾಲಿಗೆಯವರ ಶಿಷ್ಯ. ನಾಳೆಯಿಂದ ಅವರ ಕುರ್ಚಿ ಅವನದು. ಕುರ್ಚಿಗೆಂದು ಅಳತೆ ಕೊಟ್ಟು ಹೊಲಿಸಿದ ಹಸಿರು ಮೆತ್ತೆಯನ್ನು ಅವನು ಅವತ್ತೇ ತಂದು ಕಂಕುಳಲ್ಲಿ ಇಟ್ಟುಕೊಂಡಿದ್ದ.

"ಗುರುಗಳೇ, ಕೈಗೇನಾಯ್ತು?"

"ಉಳುಕಿದೆ."

"ನೀವಿ ಕೊಡ್ಲಾ?"

"ಮುಟ್ಟಿದ್ರೆ ನೋಡು!"

ಹಿರಿನಾಲಿಗೆಯವರು ಬಲಗೈಯಲ್ಲಿ ಚಮಚ ಹಿಡಿದು ಸೊರ್ರೆಂದು ಹೀರುತ್ತ, ಪಿಚಕ್ಕನೆ ಉಗುಳುತ್ತ ಹೋದರು. ಒಂದು, ಎರಡು, ಮೂರು. ಹದಿನೇಳನೆಯದು ಬಾಯಿಗೆ ಹೋದದ್ದೇ ಮುಖ ಹಿಂಡಿತು. ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ಹುಲ್ಲು ನೆನೆಸಿದ ನೀರು. ಬೇಡ.

ಅಷ್ಟರಲ್ಲಿ ಕಿರಿನಾಲಿಗೆ ತಲೆ ಎತ್ತಿದ. "ಗುರುಗಳೇ, ನಿಮಗೇನಾದ್ರೂ ಬರ್ತಿದೆಯಾ? ಏನೋ ಮರದ ವಾಸನೆ... ಒಣದ್ರಾಕ್ಷಿ..."

"ನನಗೇನೂ ಬರ್ತಿಲ್ಲ."

"ನಿಮಗೆ ಬರ್ತಿಲ್ವಾ?" ಹುಡುಗನ ಕಣ್ಣು ಅರಳಿತು. ಗುರುವಿಗೆ ಬಾರದ ವಾಸನೆ ತನಗೆ ಬಂತೆಂದರೆ ಯಾವ ಶಿಷ್ಯ ಸುಮ್ಮನಿದ್ದಾನು? ಮೆತ್ತೆಯನ್ನು ಕುರ್ಚಿಯ ಮೇಲಿಟ್ಟು ಮೂಗು ಮುಂದೆ ಮಾಡಿಕೊಂಡು ಹೊರಟ. ಕಿಟಕಿ ಮೂಸಿದ, ಬೀರು ಮೂಸಿದ, ಪೀಕದಾನಿಯನ್ನೂ ಬಿಡಲಿಲ್ಲ. ಒಳಗೆ ಬಂದ ಕೆಟಲ್ ಅಕ್ಕ, "ನಾನು ಬೆಳಿಗ್ಗೆನೇ ಅಂದೆ!" ಎಂದು ತಾನೂ ಇನ್ನೊಂದು ಬದಿಯಿಂದ ಮೂಸಲು ನಿಂತಳು. ಎರಡು ಮೂಗುಗಳು ಮೇಜಿನ ಎರಡು ಬದಿಯಿಂದ ಹಿರಿನಾಲಿಗೆಯವರ ಎಡತೋಳಿನ ಕಡೆಗೆ ಹತ್ತಿರ ಹತ್ತಿರ ಬರತೊಡಗಿದವು.

ಈ ಕೋಣೆಯಲ್ಲಿ ಗಾಳಿ ಆಡದ ವಸ್ತುವೆಂದರೆ ಒಂದೇ, ಮುಚ್ಚಳ ಬಿಗಿದ ಡಬ್ಬಿ. ಮೂಗುಗಳು ಒಂದು ಗಳಿಗೆ ಬೀರುವಿನ ಕಡೆ ತಿರುಗಿದಾಗ ಹಿರಿನಾಲಿಗೆಯವರು ಹದಿನೇಳನೆಯ ಡಬ್ಬಿ ತೆಗೆದರು, ತೋಳು ಕೊಡವಿದರು, ಜಾರಿ ಬಂದ ಸಿಗಾರಿನ ಕಾಗದ ಬಿಚ್ಚಿ ಜೇಬಿಗೆ ತುರುಕಿದರು, ಸಿಗಾರನ್ನು ಚಹಾದೊಳಗೆ ಹೂತು ಟಪ್ಪೆಂದು ಮುಚ್ಚಳ ಹಾಕಿದರು. ಹೇಗೂ ಬೇಡವೆಂದ ಚಹಾ. ಯಾರು ಮುಟ್ಟುತ್ತಾರೆ?

ವಾಸನೆ ನಿಂತುಹೋಯಿತು. ಕಿರಿನಾಲಿಗೆ ಕೋಣೆಯ ನಡುವೆ ದಾರಿ ತಪ್ಪಿದವನ ಹಾಗೆ ನಿಂತ. "ಈಗಿತ್ತು..."

"ನಿನ್ನ ಮೂಗು ಇನ್ನೂ ಎಳಸು ಕಣೋ," ಎಂದರು ಹಿರಿನಾಲಿಗೆಯವರು. ಈಗ ಎಡಗೈ ಧಾರಾಳವಾಗಿ ಮಡಚಿ ಸೊಂಟದ ಮೇಲಿಟ್ಟುಕೊಂಡಿದ್ದರು. ಬೇಡವೆಂದ ಡಬ್ಬಿಗಳನ್ನು ಮೇಜಿನ ಕೆಳಗಿನ ಬುಟ್ಟಿಗೆ ಹಾಕುವುದು ಪದ್ಧತಿ. ಬುಟ್ಟಿಯನ್ನು ಮಧ್ಯಾಹ್ನ ಖಾಲಿ ಮಾಡುತ್ತಾರೆಂದು ಈ ಒಂದನ್ನು ಮಾತ್ರ ತಮ್ಮ ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟರು. ಸಂಜೆ ಐದಕ್ಕೆ ತೆಗೆದುಕೊಂಡರಾಯಿತು.

ಮೂರು ಗಂಟೆಯ ತನಕ ಎಲ್ಲ ಸರಿಯಾಗಿತ್ತು. ಮೂರಕ್ಕೆ ಯಜಮಾನರು ಬಾಗಿಲು ದೂಡಿಕೊಂಡು ಬಂದರು. ಕುಳ್ಳನೆಯ ಮೈ, ಬೋಳುತಲೆಯ ಮೇಲೆ ಮಳೆ ಬಿದ್ದ ಹಾಗೆ ಬೆವರು. "ಬಂದ್ಬಿಟ್ರು! ನಾಳೆ ಬರ್ತೀನಿ ಅಂದೋರು ಇವತ್ತೇ ಬಂದ್ಬಿಟ್ರು!"

ಅವರ ಬೆನ್ನಿಗೆ ಖರೀದಿಯಮ್ಮ ಬಂದರು. ಮುನ್ನೂರು ಅಂಗಡಿಗಳಿಗೆ ಚಹಾ ಆರಿಸುವ ಹೆಂಗಸು. ಬೆಳ್ಳಿ ಕೂದಲು, ನೆಟ್ಟನೆಯ ಬೆನ್ನು, ಮಖಮಲ್ಲಿನ ಚೀಲದಲ್ಲಿ ಸ್ವಂತ ಚಮಚ. ಅವರು ಹೂಂ ಎಂದರೆ ಕಂಪನಿಗೆ ವರ್ಷದ ಊಟ. ಎರಡು ವರ್ಷದಿಂದ ಅವರು ಹೂಂ ಎಂದಿರಲಿಲ್ಲ, ಎದುರು ರಸ್ತೆಯ ಕಂಪನಿಯಿಂದ ಕೊಳ್ಳುತ್ತಿದ್ದರು.

ಖರೀದಿಯಮ್ಮ ಸಾಲಾಗಿ ಹೀರಿ, ಸಾಲಾಗಿ ಉಗುಳಿದರು. ಪ್ರತಿ ಬಟ್ಟಲಿಗೂ ಒಂದೇ ಮಾತು, "ಪರವಾಗಿಲ್ಲ." ಆ ಮಾತು ಬಿದ್ದಾಗಲೆಲ್ಲ ಯಜಮಾನರು ಒಂದಿಂಚು ಕುಳ್ಳಗಾಗುತ್ತಿದ್ದರು. ಸಾಲು ಮುಗಿಯಿತು. ಖರೀದಿಯಮ್ಮ ಚಮಚ ಒರೆಸುತ್ತ ಸುತ್ತ ನೋಡಿದರು.

"ಅದೇನು, ಕಿಟಕಿ ಹತ್ರ ಒಂದು ಡಬ್ಬಿ?"

"ಅದು ಬೇಡ ಅಂದಿರೋದು, ಅಮ್ಮಾ," ಎಂದರು ಹಿರಿನಾಲಿಗೆಯವರು.

"ಬೇಡ ಅಂದಿರೋದನ್ನ ಯಾರಾದ್ರೂ ಮಗ್ಗುಲಲ್ಲಿ ಇಟ್ಕೊಳ್ತಾರಾ?"

ಯಜಮಾನರಿಗೆ ಏನೋ ಹೊಳೆಯಿತು. "ಓಹೋ! ನಮ್ಮ ಹಿರಿನಾಲಿಗೆ ಅಂದ್ರೆ ಸುಮ್ನೆ ಅಲ್ಲಮ್ಮಾ. ಒಳ್ಳೇದನ್ನ ಕೊನೇಗೆ ಅಂತ ಬಚ್ಚಿಟ್ಟಿದ್ದಾರೆ. ಏನ್ರೀ, ನಾಚಿಕೆ ಯಾಕೆ? ತೆಗೀರಿ!"

ಕೆಟಲ್ ಅಕ್ಕ ಡಬ್ಬಿಗೆ ಕೈ ಚಾಚಿದಳು. "ನಾನೇ, ನಾನೇ!" ಎಂದು ಹಿರಿನಾಲಿಗೆಯವರು ಮರಿ ಕಾಯುವ ಕೋಳಿಯ ಹಾಗೆ ಅಡ್ಡ ಬಂದರು. ಎಲ್ಲರಿಗೂ ಬೆನ್ನು ಮಾಡಿ ಮುಚ್ಚಳ ತೆಗೆದು, ಸಿಗಾರನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿಹಿಡಿದು, ಒಂದು ಚಮಚ ಚಹಾ ಬಟ್ಟಲಿಗೆ ಸುರಿದರು. ಅಕ್ಕ ಕುದಿಯುವ ನೀರು ಹೊಯ್ದು ಮರಳುಗಡಿಯಾರ ತಿರುಗಿಸಿದಳು. ಐದು ನಿಮಿಷ. ಮರಳು ಒಂದೊಂದೇ ಕಣ ಇಳಿಯಿತು. ಆಗಲಿ ಬಿಡು, ಹುಲ್ಲುನೀರು ಕುಡಿದು ಉಗುಳಿ ಹೋಗುತ್ತಾರೆ, ಐದು ಗಂಟೆಗೆ ನಾನು ನನ್ನ ಪಾಡಿಗೆ ಹೋಗುತ್ತೇನೆ ಎಂದುಕೊಂಡರು ಹಿರಿನಾಲಿಗೆಯವರು.

ಖರೀದಿಯಮ್ಮ ಹೀರಿದರು. ಕಣ್ಣು ಮುಚ್ಚಿದರು. ಯಜಮಾನರು ಪೀಕದಾನಿಯನ್ನು ಅವರ ಕಡೆ ಉರುಳಿಸಿದರು. ಅವರು ಅದನ್ನು ನೋಡಲೇ ಇಲ್ಲ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಅಯ್ಯೋ, ನುಂಗಿಬಿಟ್ರು!" ಎಂದಳು ಕೆಟಲ್ ಅಕ್ಕ.

ರುಚಿ ನೋಡುವ ಕೋಣೆಯಲ್ಲಿ ಯಾರಾದರೂ ನುಂಗಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಖರೀದಿಯಮ್ಮ ಕಣ್ಣು ಮುಚ್ಚಿಯೇ ಹೇಳಿದರು. "ಹಳೇ ಮರದ ಪೆಟ್ಟಿಗೆ ತೆಗೆದ ಹಾಗಿದೆ... ಜೇನು... ಚರ್ಮದ ರಟ್ಟು ಹಾಕಿದ ಪುಸ್ತಕ..."

"ಒಣದ್ರಾಕ್ಷಿ!" ಎಂದು ಕಿರಿನಾಲಿಗೆ ಕುಣಿದ. "ನಾನು ಬೆಳಿಗ್ಗೆನೇ ಹೇಳಿದ್ದೆ, ಒಣದ್ರಾಕ್ಷಿ! ನನ್ನ ಮೂಗು ಎಳಸಲ್ಲ ಗುರುಗಳೇ!"

"ಈ ಚಹಾ ಗೋದಾಮಿನಲ್ಲಿ ಎಷ್ಟಿದೆಯೋ ಅಷ್ಟೂ ನನಗೆ," ಎಂದರು ಖರೀದಿಯಮ್ಮ.

ಯಜಮಾನರು ಹಿಗ್ಗಿನಿಂದ ಪುಸ್ತಕ ತೆರೆದರು. ಹದಿನೇಳನೆಯ ಸಾಲು ಓದಿದರು. ಪುಸ್ತಕವನ್ನು ಎದೆಗೆ ಅವುಚಿಕೊಂಡು ಹಿರಿನಾಲಿಗೆಯವರನ್ನು ಮೂಲೆಗೆ ಎಳೆದುಕೊಂಡು ಹೋದರು.

"ಏನ್ರೀ ಇದು, ಹುಲ್ಲು ನೆನೆಸಿದ ನೀರು?" ಎಂದು ಪಿಸುಗುಟ್ಟಿದರು. "ವಯಸ್ಸಾಯ್ತು ನಿಮಗೆ, ನಾಲಿಗೆ ಕೈ ಕೊಟ್ಟಿದೆ. ಇರ್ಲಿ, ಯಾರಿಗೂ ಹೇಳಲ್ಲ. ಇದನ್ನ ಹೊಡೆದು ಹಾಕಿ ಮೊದಲ ದರ್ಜೆ ಅಂತ ಬರೆದು ರುಜು ಹಾಕಿ. ಐದಕ್ಕೆ ಗೌರವವಾಗಿ ಮನೆಗೆ ಹೋಗಿ."

ಹಿರಿನಾಲಿಗೆಯವರ ಕೈಗೆ ಪೆನ್ನು ಬಂತು. ಗೋಡೆಯ ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಎರಡು ಪದ ಬರೆದರೆ ಸಾಕು, ನಲವತ್ತು ನಿಮಿಷದಲ್ಲಿ ನಾಲಿಗೆ ತನ್ನದು. ಪೆನ್ನು ಕಾಗದದ ಹತ್ತಿರ ಹೋಯಿತು. ಹೋಗಿ ನಿಂತಿತು. ಅದೇ ಪುಟದಲ್ಲಿ, ಹಿಂದಿನ ಪುಟದಲ್ಲಿ, ಅದರ ಹಿಂದಿನ ಮೂವತ್ತೊಂದು ವರ್ಷದ ಪುಸ್ತಕಗಳಲ್ಲಿ ಎಲ್ಲೂ ಅವರು ಕೆಟ್ಟದ್ದನ್ನು 'ಒಳ್ಳೆಯದು' ಎಂದು ಬರೆದವರಲ್ಲ. ನಾಳೆ ಮುನ್ನೂರು ಅಂಗಡಿಯಲ್ಲಿ ಜನ ಹುಲ್ಲು ನೆನೆಸಿದ ನೀರು ಕುಡಿದು ಇದನ್ನು ಯಾವ ನಾಲಿಗೆ ಆರಿಸಿತಪ್ಪಾ ಎನ್ನುತ್ತಾರೆ.

ಅವರು ಇನ್ನೂ ಹೀಗೆ ತೊಳಲಾಡುತ್ತಿರುವಾಗಲೇ ಖರೀದಿಯಮ್ಮ ಹದಿನೇಳನೆಯ ಡಬ್ಬಿ ಎತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. "ಇದನ್ನ ನಾನೇ ಒಯ್ತೀನಿ."

"ಅಮ್ಮಾ, ಆ ಡಬ್ಬಿ!"

ಕೂಗಿದ್ದು ಹಿರಿನಾಲಿಗೆಯವರೇ. ಸತ್ಯಕ್ಕಾಗಿ ಕೂಗಿದರೋ ಸಿಗಾರಿಗಾಗಿ ಕೂಗಿದರೋ, ದೇವರಾಣೆ ಅವರಿಗೂ ಗೊತ್ತಿರಲಿಲ್ಲ. ಬಾಯಿ ತೆರೆದಾಗಿತ್ತು, ಇನ್ನು ಮುಚ್ಚುವಂತಿರಲಿಲ್ಲ. ಹೋಗಿ ಡಬ್ಬಿ ಇಸಿದುಕೊಂಡರು, ಮುಚ್ಚಳ ತೆಗೆದರು, ಬೆರಳು ಹಾಕಿ ಸಿಗಾರನ್ನು ಎತ್ತಿ ಹಿಡಿದರು. ಮೈತುಂಬ ಚಹಾಪುಡಿ ಮೆತ್ತಿಕೊಂಡು ಅದು ಬಿಲದಿಂದ ಎಳೆದ ಇಲಿಮರಿಯ ಹಾಗೆ ಕಾಣುತ್ತಿತ್ತು.

"ನೀವು ನುಂಗಿದ್ದು ಇದರ ಕಂಪು. ಚಹಾ ಬರೀ ಹುಲ್ಲು. ಪುಸ್ತಕದಲ್ಲಿ ಬರೆದಿದ್ದೀನಿ. ಇದನ್ನ ಸಂಜೆ ಸೇದೋಣ ಅಂತ ತಂದಿದ್ದೆ, ಬಚ್ಚಿಡೋಕೆ ಜಾಗ ಸಿಗಲಿಲ್ಲ."

ಕೆಟಲ್ ಅಕ್ಕ, "ಮದುವೆ ಕೋಟಂತೆ! ಮರದ ಪೆಟ್ಟಿಗೆಯಂತೆ!" ಎಂದಳು. ಯಜಮಾನರು ಕುರ್ಚಿಗಾಗಿ ತಡಕಾಡಿ ಕಿರಿನಾಲಿಗೆಯ ಹಸಿರು ಮೆತ್ತೆಯ ಮೇಲೆ ಕುಸಿದರು.

ಖರೀದಿಯಮ್ಮ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಗೋದಾಮಿನಿಂದ ಹದಿನೇಳರದ್ದು ಒಂದು ಹಿಡಿ ತನ್ನಿ," ಎಂದರು. ಕಿರಿನಾಲಿಗೆ ಓಡಿಹೋಗಿ ತಂದ. ನೀರು ಹೊಯ್ದದ್ದಾಯಿತು, ಮರಳು ಇಳಿದದ್ದಾಯಿತು. ಅವರು ಹೀರಿದರು, ಮರುಕ್ಷಣ ಪೀಕದಾನಿ ಟಣ್ಣೆಂದಿತು.

"ಹುಲ್ಲು ನೆನೆಸಿದ ನೀರು," ಎಂದರು. ಆಮೇಲೆ ಯಜಮಾನರ ಕಡೆ ತಿರುಗಿದರು. "ನನ್ನ ನಾಲಿಗೆ ನನಗೇ ಮೋಸ ಮಾಡ್ತು. ಇವರ ಪುಸ್ತಕ ಮಾಡಲಿಲ್ಲ. ರುಚಿ ನೋಡೋ ನಾಲಿಗೆ ಬೀದಿಗೊಂದು ಸಿಗುತ್ತೆ. ನೋಡಿದ್ದನ್ನ ನೋಡಿದ ಹಾಗೆ ಹೇಳೋ ನಾಲಿಗೆ ಎಲ್ಲಿದೆ? ಇವರು ಈ ಕುರ್ಚಿಯಲ್ಲಿ ಇರೋ ತನಕ ನಾನು ನಿಮ್ಮ ಹತ್ರಾನೇ ಕೊಳ್ತೀನಿ. ಇವರಿಗೆ ಯಾವಾಗ ನಿವೃತ್ತಿ?"

"ನಿವೃತ್ತಿನಾ?" ಯಜಮಾನರು ಮೆತ್ತೆಯಿಂದ ಚೆಂಡಿನ ಹಾಗೆ ಪುಟಿದರು. "ಯಾರಿಗೆ ನಿವೃತ್ತಿ? ಇನ್ನೂ ಎರಡು ವರ್ಷ ಇದೆಯಲ್ಲಮ್ಮಾ!"

"ಯಜಮಾನ್ರೇ, ಇವತ್ತು ಐದಕ್ಕೆ..." ಎಂದು ಹಿರಿನಾಲಿಗೆಯವರು ಶುರುಮಾಡಿದರು.

"ಐದಕ್ಕೆ ಮನೆಗೆ ಹೋಗಿ, ನಾಳೆ ಒಂಬತ್ತಕ್ಕೆ ಬನ್ನಿ. ದಿನಾ ಹೋಗಿ ಬರಲ್ವಾ?"

"ನಾಳೆ ಒಂಬತ್ತಕ್ಕೆ ನಾನೂ ಬರ್ತೀನಿ," ಎಂದರು ಖರೀದಿಯಮ್ಮ. ಚಮಚವನ್ನು ಮಖಮಲ್ಲಿನ ಚೀಲಕ್ಕೆ ಹಾಕುತ್ತ ಸಿಗಾರಿನ ಕಡೆ ಕಣ್ಣು ಹಾಯಿಸಿದರು. "ಬಾಯಿ ಸ್ವಚ್ಛ ಇಟ್ಕೊಂಡು ಬನ್ನಿ."

ಸುಳ್ಳು ಹೇಳಿದ್ದರೆ ಬಿಡುಗಡೆ. ಸತ್ಯ ಹೇಳಿದ್ದಕ್ಕೆ ಎರಡು ವರ್ಷ. ಬೀಳ್ಕೊಡುಗೆಯ ಉಡುಗೊರೆಯ ಪೊಟ್ಟಣವನ್ನು ಯಜಮಾನರೇ ತಮ್ಮ ಕೈಯಾರೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಿರಿನಾಲಿಗೆ ಚಪ್ಪಟೆಯಾದ ಮೆತ್ತೆಯನ್ನು ತಟ್ಟಿ ತಟ್ಟಿ ಉಬ್ಬಿಸುತ್ತ, "ಅಭಿನಂದನೆ ಗುರುಗಳೇ," ಎಂದ. ಹೆಣದ ಮುಂದೆ ಮಾತಾಡುವ ದನಿಯಲ್ಲಿ.

ಬೀದಿಯ ತಿರುವಿನಲ್ಲೇ ಹಿರಿನಾಲಿಗೆಯವರಿಗೆ ಬೆಳ್ಳುಳ್ಳಿಯ ಕಂಪು ಬಂತು. ಎದುರು ಮನೆಯವರು ಹೊರಗೆ ಬಂದು ಇದು ಅದೇ ಮನೆಯೇ ಎಂದು ನೋಡುತ್ತಿದ್ದರು. ಒಳಗೆ ಹೆಂಡತಿ ಮುಖವೆಲ್ಲ ಬೆಳಗಿಸಿಕೊಂಡು ಬಾಣಲೆಯ ಮುಂದೆ ನಿಂತಿದ್ದರು. ವಿಷಯ ಕೇಳಿ ಸೌಟು ಕೆಳಗಿಟ್ಟರು.

"ಎರಡು ವರ್ಷ?"

"ನಾಳೆ ಒಂಬತ್ತರಿಂದ."

"ನಿಮ್ಮ ಬಾಯಿಗೆ ಬೀಗ ಹಾಕ!" ಎಂದರು. "ಮಾಡಿದ್ದನ್ನ ನಾನಂತೂ ಚೆಲ್ಲಲ್ಲ. ನಾನು ಉಣ್ತೀನಿ. ನಿಮಗೆ ನಿನ್ನೆ ಮಾಡಿದ ಸಪ್ಪೆ ಗಂಜಿ ಇದೆ."

ಹಿರಿನಾಲಿಗೆಯವರು ಜೇಬಿನಿಂದ ಸಿಗಾರು ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖ ನೋಡಿ ಹೆಂಡತಿಗೆ ಕನಿಕರ ಬಂತು.

"ಈ ಚುಟ್ಟಕ್ಕಾಗಿ ಇಷ್ಟೆಲ್ಲ ಆಯ್ತಾ?"

"ಚುಟ್ಟ ಅಲ್ಲ ಕಣೇ, ಸಿಗಾರು."

"ಏನೋ ಒಂದು. ಹೊಗೆ ನುಂಗಬೇಕಾ?"

"ಇಲ್ಲ. ಬಾಯಲ್ಲಿಟ್ಟು ಬಿಡೋದು."

"ಹಾಗಾದ್ರೆ ಒಂದೇ ಒಂದು ದಮ್ಮು ಎಳೀರಿ. ಬೆಳಿಗ್ಗೆ ಹತ್ತು ಸಲ ಬಾಯಿ ಮುಕ್ಕಳಿಸಿದ್ರೆ ಯಾವ ಖರೀದಿಯಮ್ಮನಿಗೂ ಗೊತ್ತಾಗಲ್ಲ. ಒಂದೇ!"

ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಹಿರಿನಾಲಿಗೆಯವರು ಚಹಾಪುಡಿಯನ್ನು ಕರವಸ್ತ್ರದಿಂದ ಒರೆಸಿ, ಹೊಲಿಗೆ ಕತ್ತರಿಯಿಂದ ತುದಿ ಕತ್ತರಿಸಿ, ಕಡ್ಡಿ ಗೀರಿ, ಸುತ್ತ ತಿರುಗಿಸುತ್ತ ಬೆಚ್ಚಗೆ ಹೊತ್ತಿಸಿದರು. ಎಳೆದರು. ಹೊಗೆ ಬಾಯಿ ತುಂಬಿತು. ಮೂವತ್ತೊಂದು ವರ್ಷದ ಆಸೆ. ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿದರು.

ಕಣ್ಣು ತೆರೆದರು.

"ಹೇಗಿದೆ?" ಎಂದರು ಹೆಂಡತಿ.

"ಹದಿನೇಳು."

"ಏನು ಹದಿನೇಳು?"

"ಹುಲ್ಲು ನೆನೆಸಿದ ನೀರು." ಹಗಲೆಲ್ಲ ಡಬ್ಬಿಯೊಳಗೆ ಸಿಗಾರು ಚಹಾಕ್ಕೆ ತನ್ನದನ್ನು ಕೊಟ್ಟಿತ್ತು, ಚಹಾ ಸಿಗಾರಿಗೆ ತನ್ನದನ್ನು ಕೊಟ್ಟಿತ್ತು. ಹಿರಿನಾಲಿಗೆಯವರು ಅಭ್ಯಾಸಬಲದಿಂದ ಪೀಕದಾನಿಗಾಗಿ ಪಕ್ಕಕ್ಕೆ ಕೈ ಚಾಚಿ, ಸಿಗದೆ, ಗಿಡದ ಬುಡಕ್ಕೆ ಉಗುಳಿದರು. "ಬೇಡ," ಎಂದು ಸಿಗಾರನ್ನು ಎಸೆಯಲು ಕೈ ಎತ್ತಿದರು.

"ಕೊಡಿ ಇಲ್ಲಿ. ಕೊಂಡು ತಂದ ಪದಾರ್ಥ ಯಾರಾದ್ರೂ ಎಸೀತಾರಾ?"

ಹೆಂಡತಿ ಇಸಿದುಕೊಂಡು ಒಂದು ದಮ್ಮು ಎಳೆದರು. ಕೆಮ್ಮಿದರು. ಇನ್ನೊಂದು ಎಳೆದರು, ಕೆಮ್ಮಲಿಲ್ಲ. ಕಾಲು ಚಾಚಿ ಗೋಡೆಗೆ ಒರಗಿದರು. ನಿಧಾನವಾಗಿ, ನಿಮಿಷಕ್ಕೊಂದರಂತೆ, ಯಾರೂ ಹೇಳಿಕೊಡದೆ ಸೇದತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಮುಖದ ಮೇಲೆ ಏನೋ ಒಂದು ನೆಮ್ಮದಿ ಬಂದು ಕೂತಿತು.

"ರೀ, ಶುರುವಲ್ಲಿ ಹುಲ್ಲು ಹುಲ್ಲಾಗೇ ಇತ್ತು. ಈಗ ಇಲ್ಲ ನೋಡಿ. ಹಳೇ ಮರದ ಪೆಟ್ಟಿಗೆ ತೆಗೆದ ಹಾಗಿದೆ... ಸ್ವಲ್ಪ ಜೇನು... ನಮ್ಮ ತಾತನ ಚರ್ಮದ ಚೀಲ ನೆನಪಾಗುತ್ತೆ." ಹೊಗೆ ಬಿಟ್ಟರು. "ಇನ್ನೊಂದು ಚೂರು ಹೊತ್ತು ತಾಳ್ಬೇಕಿತ್ತು ನೀವು."

ಹಿರಿನಾಲಿಗೆಯವರ ಕೈ ತಾನಾಗಿ ಮುಂದೆ ಹೋಯಿತು. ಹೆಂಡತಿ ಪಟ್ಟೆಂದು ಬಾರಿಸಿದರು. "ಒಂದೇ ಅಂತ ಆಗಿತ್ತು. ನಾಳೆ ಒಂಬತ್ತಕ್ಕೆ ಖರೀದಿಯಮ್ಮ."

ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಬೂದಿ ಒಂದು ಬೆರಳುದ್ದ ಬೆಳ್ಳಗೆ ನಿಂತಿತ್ತು, ಉದುರಿರಲಿಲ್ಲ. ಹಿರಿನಾಲಿಗೆಯವರು ಸಪ್ಪೆ ಗಂಜಿಯ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತರು.

"ನಾಳೆ ಇಂಥದ್ದೇ ಇನ್ನೊಂದು ತನ್ನಿ," ಎಂದರು ಹೆಂಡತಿ, ಕಣ್ಣು ಅರ್ಧ ಮುಚ್ಚಿ. ಆಮೇಲೆ ಏನೋ ನೆನಪಾಗಿ ಪೂರ್ತಿ ತೆರೆದರು. "ಆದ್ರೆ ಆಫೀಸಿಂದ ಬರೋವಾಗ ತನ್ನಿ. ಹೋಗೋವಾಗ ಅಲ್ಲ."